ಸಿಡಿ ಟ್ರಾನ್ಸ್‌ಪೋರ್ಟ್ ಮತ್ತು ಡ್ಯಾಕ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿ ಟ್ರಾನ್ಸ್‌ಪೋರ್ಟ್ ಅಂದರೆ ಏನು? ಅದು ಸಿಡಿ ಪ್ಲೇಯರ್ ಅಲ್ಲವೇ?

ಸಿಡಿ ಪ್ಲೇಯರ್ ಒಂದೇ ಪೆಟ್ಟಿಗೆಯಲ್ಲಿ ಎರಡು ಕೆಲಸ ಮಾಡುತ್ತದೆ. ಸಿಡಿಯನ್ನು ತಿರುಗಿಸಿ ಲೇಸರ್‌ನಿಂದ ಅಂಕಿಗಳನ್ನು ಓದುವುದು ಒಂದು, ಆ ಅಂಕಿಗಳನ್ನು ಆಂಪ್ಲಿಫಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವುದು ಇನ್ನೊಂದು. ಟ್ರಾನ್ಸ್‌ಪೋರ್ಟ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದು ಡ್ಯಾಕ್‌ನ (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್) ಪಾಲು. ಟ್ರಾನ್ಸ್‌ಪೋರ್ಟ್‌ನ ಹಿಂದೆ ಆಡಿಯೋದ ಕೆಂಪು-ಬಿಳಿ ಸಾಕೆಟ್ ಇರುವುದಿಲ್ಲ, ಡಿಜಿಟಲ್ ಔಟ್‌ಪುಟ್ ಮಾತ್ರ ಇರುತ್ತದೆ. ಹಾಗಾಗಿ ನಡುವೆ ಡ್ಯಾಕ್ ಇಲ್ಲದೆ ಅದನ್ನು ಮಾಮೂಲಿ ಆಂಪ್‌ಗೆ ಜೋಡಿಸಿದರೆ ಹಾಡು ಬರುವುದಿಲ್ಲ. ಆಂಪ್‌ನ ಹಿಂದೆಯೇ ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಎಂದು ಬರೆದ ಇನ್‌ಪುಟ್ ಇದ್ದರೆ ಅದರೊಳಗೆ ಡ್ಯಾಕ್ ಇದೆ ಎಂದರ್ಥ. ಹೊಸದಾಗಿ ಡ್ಯಾಕ್ ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಿ.

ಮನೆಯಲ್ಲಿ ಹಳೆಯ ಸಿಡಿ ಪ್ಲೇಯರ್ ಅಥವಾ ಡಿವಿಡಿ ಪ್ಲೇಯರ್ ಇದೆ. ಅದೇ ಸಾಲದೇ?

ಎಷ್ಟೋ ಸಲ ಸಾಕಾಗುತ್ತದೆ. ಹಿಂದೆ ಡಿಜಿಟಲ್ ಔಟ್ ಇದ್ದರೆ ಅದನ್ನೇ ಟ್ರಾನ್ಸ್‌ಪೋರ್ಟ್ ಆಗಿ ಬಳಸಿ, ಮೊದಲು ಡ್ಯಾಕ್ ಒಂದನ್ನೇ ಕೊಳ್ಳಿ. ಪ್ಲೇಯರ್ ಕೆಟ್ಟ ಮೇಲೆ ಟ್ರಾನ್ಸ್‌ಪೋರ್ಟ್ ತಂದರಾಯಿತು.

ಡಿವಿಡಿ ಪ್ಲೇಯರ್ ಆದರೆ ಸೆಟಪ್ ಮೆನುವಿನಲ್ಲಿ ಮೂರು ವಿಷಯ ನೋಡಬೇಕು. ಡಿಜಿಟಲ್ ಔಟ್‌ಪುಟ್ ಪಿಸಿಎಂ (ಅಂಕಿಗಳನ್ನು ಕುಗ್ಗಿಸದೆ ಕಳಿಸುವ ಬಗೆ) ಆಗಿರಬೇಕು. ಈಕ್ವಲೈಜರ್, ವರ್ಚುವಲ್ ಸರೌಂಡ್, ಬಾಸ್ ಬೂಸ್ಟ್ ಎಲ್ಲ ಆಫ್ ಇರಬೇಕು. ಅಪ್‌ಸ್ಯಾಂಪ್ಲಿಂಗ್ (ಅಂಕಿಗಳ ಸಂಖ್ಯೆ ಹೆಚ್ಚಿಸಿ ಕಳಿಸುವುದು) ಇದ್ದರೆ ಅದೂ ಆಫ್. ಆಮೇಲೆ ಸಿಡಿ ಹಾಕಿ ಡ್ಯಾಕ್‌ನ ಡಿಸ್‌ಪ್ಲೇ ನೋಡಿ. 44.1 (ಕಿಲೋಹರ್ಟ್ಸ್, ಸಿಡಿಯ ಮೂಲ ಲೆಕ್ಕ) ಎಂದು ತೋರಿಸಬೇಕು. 48 ಅಥವಾ 96 ತೋರಿಸಿದರೆ ಪ್ಲೇಯರ್ ಒಳಗೇ ಲೆಕ್ಕ ಬದಲಿಸಿ ಕಳಿಸುತ್ತಿದೆ. ಆ ಪ್ಲೇಯರ್ ಬೇರೆಲ್ಲದಕ್ಕೂ ಚೆನ್ನಾಗಿರಬಹುದು, ಟ್ರಾನ್ಸ್‌ಪೋರ್ಟ್ ಆಗಿ ಬೇಡ. ಎಷ್ಟೋ ಡಿವಿಡಿ ಪ್ಲೇಯರ್‌ಗಳಲ್ಲಿ ಇನ್ನೊಂದು ತೊಂದರೆಯೂ ಉಂಟು: ಟಿವಿ ಹಾಕದೆ ಟ್ರ್ಯಾಕ್ ನಂಬರ್ ಕಾಣುವುದಿಲ್ಲ, ಸಿಡಿ ಹಾಕಿದ ಮೇಲೆ ಹಾಡು ಶುರುವಾಗಲು ಬಹಳ ಹೊತ್ತು ಹಿಡಿಯುತ್ತದೆ. ದಿನವೂ ಕೇಳುವವರಿಗೆ ಇದು ಬೇಗ ಬೇಸರ ತರುತ್ತದೆ.

ಅಂಕಿಗಳು ಅವೇ ಅಂದಮೇಲೆ ಟ್ರಾನ್ಸ್‌ಪೋರ್ಟ್‌ಗಳ ನಡುವೆ ವ್ಯತ್ಯಾಸ ಹೇಗೆ ಬರುತ್ತದೆ?

ಸಿಡಿಯಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಒಂದೊಂದೂ 16 ಬಿಟ್. ಎರಡೂ ಚಾನೆಲ್ ಸೇರಿ ಸೆಕೆಂಡಿಗೆ 14,11,200 ಬಿಟ್. ಇವನ್ನು 780 ನ್ಯಾನೋಮೀಟರ್ ಲೇಸರ್ ಸಿಡಿಯ ಒಳಸುತ್ತಿನಿಂದ ಶುರುಮಾಡಿ ಹೊರಗೆ ಓದುತ್ತ ಹೋಗುತ್ತದೆ. ಸುತ್ತಿನಿಂದ ಸುತ್ತಿಗೆ ಅಂತರ 1.6 ಮೈಕ್ರಾನ್ ಅಷ್ಟೇ. ಒಳಗೆ ಓದುವಾಗ ಸಿಡಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಅಂಚಿಗೆ ಬರುವ ಹೊತ್ತಿಗೆ 200ಕ್ಕೆ ಇಳಿಯುತ್ತದೆ. ತಿರುಗುವ ಸಿಡಿ ಮೇಲೆ ಕೆಳಗೆ ಸ್ವಲ್ಪ ಓಲಾಡುವುದು ಸಹಜ. ಲೆನ್ಸ್ ಆ ಓಲಾಟದ ಜೊತೆಗೇ ಏರಿಳಿಯಬೇಕು.

ಓದುವಾಗ ತಪ್ಪುಗಳು ಆಗೇ ಆಗುತ್ತವೆ. ಅದಕ್ಕಾಗಿಯೇ ಸಿಡಿಯಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇದೆ. ಒಂದೇ ಕಡೆ ಸಾಲಾಗಿ ಸುಮಾರು 4000 ಬಿಟ್, ಅಂದರೆ ಸುತ್ತಿನ ಉದ್ದಕ್ಕೆ 2.5 ಮಿಲಿಮೀಟರಿನಷ್ಟು ಹಾಳಾಗಿದ್ದರೂ ಪೂರ್ತಿ ಮರಳಿ ಪಡೆಯಬಹುದು. ಅದಕ್ಕೂ ಮೀರಿದರೆ ಪ್ಲೇಯರ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಅಂದಾಜು ತುಂಬುತ್ತದೆ. ಅದೂ ಆಗದಿದ್ದರೆ ಸದ್ದು ನಿಲ್ಲುತ್ತದೆ, ಇಲ್ಲವೇ ಟಕ್ ಎನ್ನುತ್ತದೆ. ಒಳ್ಳೆಯ ಮೆಕ್ಯಾನಿಸಂ ಈ ಅಂದಾಜಿನ ಹಂತಕ್ಕೆ ಹೋಗುವುದೇ ಅಪರೂಪ. ಸವೆದ ಲೇಸರ್ ಪದೇ ಪದೇ ಹೋಗುತ್ತದೆ. ಕಿವಿಗೆ ಕೇಳುವ ವ್ಯತ್ಯಾಸ ಬರುವುದು ಹೆಚ್ಚಾಗಿ ಇಲ್ಲಿಂದ.

ಜಿಟ್ಟರ್, ಅಂದರೆ ಅಂಕಿಗಳು ಬರುವ ಲಯದ ಅಲುಗಾಟದ ವಿಷಯಕ್ಕೆ ಬರೋಣ. ಟ್ರಾನ್ಸ್‌ಪೋರ್ಟ್ ತನ್ನ ಗಡಿಯಾರದ ಲಯದಲ್ಲಿ ಅಂಕಿಗಳನ್ನು ಕಳಿಸುತ್ತದೆ, ಡ್ಯಾಕ್ ಆ ಲಯವನ್ನು ಸಿಗ್ನಲ್‌ನಿಂದಲೇ ಹಿಡಿಯಬೇಕು. ಹಳೆಯ ಡ್ಯಾಕ್‌ಗಳು ಇದರಲ್ಲಿ ದುರ್ಬಲವಾಗಿದ್ದವು, ಟ್ರಾನ್ಸ್‌ಪೋರ್ಟ್ ಬದಲಿಸಿದರೆ ಸದ್ದೂ ಬದಲಾಗುತ್ತಿತ್ತು. ಈಗಿನ ಒಳ್ಳೆಯ ಡ್ಯಾಕ್‌ಗಳು ಬಂದ ಲಯವನ್ನು ತಾವೇ ನೇರ್ಪು ಮಾಡಿಕೊಳ್ಳುತ್ತವೆ. ಆದ್ದರಿಂದ ಜಿಟ್ಟರ್ ಹೆದರಿಕೆಗೆ ಟ್ರಾನ್ಸ್‌ಪೋರ್ಟ್ ಮೇಲೆ ದುಪ್ಪಟ್ಟು ಹಣ ಸುರಿಯಬೇಡಿ. ಆ ಹಣ ಗಟ್ಟಿ ಮೆಕ್ಯಾನಿಸಂಗೆ ಹೋಗಲಿ.

ಬಿಟ್‌ಗಳು ಒಂದೂ ಬದಲಾಗದೆ ತಲುಪುತ್ತಿವೆಯೇ ಎಂದು ಮನೆಯಲ್ಲೇ ಪರೀಕ್ಷಿಸಲು ಒಂದು ದಾರಿ ಇದೆ. ಡಿಟಿಎಸ್ ಸಿಡಿ ಎಂಬ, ಸರೌಂಡ್ ಸದ್ದನ್ನು ಸಂಕೇತವಾಗಿ ತುಂಬಿದ ಬಗೆಯ ಸಿಡಿ ಸಿಕ್ಕರೆ ಅದನ್ನು ಹಾಕಿ ಹೋಮ್ ಥಿಯೇಟರ್ ರಿಸೀವರ್‌ನ ಕೋಆಕ್ಸಿಯಲ್ ಇನ್‌ಪುಟ್‌ಗೆ ಕೊಡಿ. ರಿಸೀವರ್‌ನಲ್ಲಿ ಡಿಟಿಎಸ್ ದೀಪ ಹತ್ತಿ ಸಂಗೀತ ಬಂದರೆ ದಾರಿಯಲ್ಲಿ ಯಾರೂ ಕೈಹಾಕಿಲ್ಲ. ಬರೀ ಕರ್ಕಶ ಸದ್ದು ಬಂದರೆ ವಾಲ್ಯೂಮ್, ಈಕ್ವಲೈಜರ್ ಅಥವಾ ಅಪ್‌ಸ್ಯಾಂಪ್ಲಿಂಗ್ ಎಲ್ಲೋ ನಡುವೆ ಕೆಲಸ ಮಾಡುತ್ತಿದೆ. ಪರೀಕ್ಷೆಗೆ ಮುನ್ನ ವಾಲ್ಯೂಮ್ ತೀರಾ ಕಡಿಮೆ ಇಡಿ, ಆ ಕರ್ಕಶ ಸದ್ದು ಸ್ಪೀಕರ್‌ನ ಟ್ವೀಟರ್ (ಎತ್ತರದ ಸ್ವರ ನುಡಿಸುವ ಭಾಗ) ಸುಡಬಲ್ಲದು.

ಹಾಗಾದರೆ ಟ್ರಾನ್ಸ್‌ಪೋರ್ಟ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು?

"ಇದರ ಲೇಸರ್ ಹೋದರೆ ಇನ್ನೊಂದು ಸಿಗುತ್ತದೆಯೇ?" ಉಳಿದದ್ದೆಲ್ಲ ಆಮೇಲೆ. ಟ್ರಾನ್ಸ್‌ಪೋರ್ಟ್‌ನಲ್ಲಿ ಸವೆಯುವ ಭಾಗಗಳು ಮೂರು: ಲೇಸರ್ ಪಿಕಪ್ (ಲೇಸರ್, ಲೆನ್ಸ್ ಇರುವ ಓದುವ ಭಾಗ), ಸಿಡಿ ತಿರುಗಿಸುವ ಮೋಟಾರ್, ಟ್ರೇ ಎಳೆಯುವ ರಬ್ಬರ್ ಬೆಲ್ಟ್. ಬೆಲ್ಟ್ ಅಳತೆಗೆ ತಕ್ಕಂತೆ ಎಲ್ಲಾದರೂ ಸಿಗುತ್ತದೆ. ಪಿಕಪ್ ಹಾಗಲ್ಲ.

ಸೋನಿಯ ಕೆಎಸ್‌ಎಸ್-213, ಸ್ಯಾನ್ಯೋದ ಎಸ್‌ಎಫ್-ಪಿ101ಎನ್ ಮುಂತಾದ ಪಿಕಪ್‌ಗಳು ಲೆಕ್ಕವಿಲ್ಲದಷ್ಟು ಪ್ಲೇಯರ್‌ಗಳಲ್ಲಿ ಬಳಕೆಯಾಗಿವೆ, ಬದಲಿ ಇನ್ನೂ ಸಿಗುತ್ತದೆ. ಎಸ್‌ಎಫ್-ಪಿ101ಎನ್‌ನಲ್ಲಿ 15 ಪಿನ್ ಮತ್ತು 16 ಪಿನ್ ಎಂಬ ಎರಡು ಬಗೆ ಇವೆ. ಹೊಂದದ್ದನ್ನು ತರಿಸಿದರೆ ರಿಬ್ಬನ್ (ಪಟ್ಟಿಯಂಥ ವೈರ್) ಕೂರುವುದೇ ಇಲ್ಲ. ಹಳೆಯದನ್ನು ಬಿಚ್ಚಿ ಪಿನ್ ಎಣಿಸಿದ ಮೇಲೆ ಆರ್ಡರ್ ಮಾಡಿ. ಇದಕ್ಕೆ ಹೋಲಿಸಿದರೆ ಫಿಲಿಪ್ಸ್‌ನ ಸಿಡಿ-ಪ್ರೋ2 ದುಬಾರಿ ಟ್ರಾನ್ಸ್‌ಪೋರ್ಟ್‌ಗಳಲ್ಲಿ ಬರುತ್ತಿದ್ದ ಅತ್ಯುತ್ತಮ ಮೆಕ್ಯಾನಿಸಂ, ಆದರೆ ಅದರ ತಯಾರಿಕೆ ನಿಂತಿದೆ. ಅಂಥದ್ದನ್ನು ಕೊಳ್ಳುವವರು ಬಿಡಿಭಾಗ ಎಲ್ಲಿಂದ ಎಂಬ ಉತ್ತರ ಕೈಯಲ್ಲಿಟ್ಟುಕೊಂಡೇ ಕೊಳ್ಳಬೇಕು.

ಹೊಸ ಪಿಕಪ್ ಹಾಕಿದ ಮೇಲೂ ಸಿಡಿ ಓದದಿದ್ದರೆ ಅದರ ಪುಟ್ಟ ಸರ್ಕ್ಯೂಟ್ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿ. ಎರಡು ಬಿಂದುಗಳನ್ನು ಸೇರಿಸಿದ ಸಾಸಿವೆ ಕಾಳಿನಷ್ಟು ಬೆಸುಗೆ ಕಾಣಬಹುದು. ಕಾರ್ಖಾನೆಯವರು ಸ್ಟ್ಯಾಟಿಕ್‌ನಿಂದ ಲೇಸರ್ ಸಾಯದಿರಲಿ ಎಂದು ಹಾಕಿದ್ದು ಅದು. ಪವರ್ ತೆಗೆದು, ರಿಬ್ಬನ್ ಸಿಕ್ಕಿಸಿ, ಅರ್ಥ್ ಇರುವ ಸೋಲ್ಡರಿಂಗ್ ಐರನ್‌ನಿಂದ ಆ ಬೆಸುಗೆಯನ್ನು ತೆಗೆಯಬೇಕು. ಇದನ್ನು ಮರೆತು ಹೊಸ ಪಿಕಪ್ಪೇ ಕೆಟ್ಟದ್ದೆಂದು ಎಸೆದವರು ಬಹಳ ಮಂದಿ.

ಟ್ರೇ ಒಳ್ಳೆಯದೋ ಸ್ಲಾಟ್ ಒಳ್ಳೆಯದೋ?

ಟ್ರೇ. ಸ್ಲಾಟ್ ಎಂದರೆ ಸಿಡಿಯನ್ನು ಸೀಳಿನೊಳಗೆ ನೇರ ತಳ್ಳುವುದು. ಟ್ರೇಯಲ್ಲಿ ಬೆಲ್ಟ್ ಬದಲಿಸುವುದು ಸುಲಭ, ಸಿಡಿ ಗೀಚುವುದಿಲ್ಲ, 8 ಸೆಂಟಿಮೀಟರಿನ ಚಿಕ್ಕ ಸಿಡಿಯೂ ಕೂರುತ್ತದೆ. ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ ಟ್ರೇ ಮಾದರಿ. ಆಡಿಯೋಲ್ಯಾಬ್ 6000ಸಿಡಿಟಿ ಸ್ಲಾಟ್ ಮಾದರಿ, ಮುಂಚಿತವಾಗಿ ಓದಿ ಬಫರ್‌ನಲ್ಲಿ ಇಟ್ಟುಕೊಳ್ಳುವುದರಿಂದ ಗೀಚಿದ ಸಿಡಿಗಳ ವಿಷಯದಲ್ಲಿ ಅದಕ್ಕೆ ಅನುಕೂಲ. ಎರಡರಲ್ಲೂ ಕೋಆಕ್ಸಿಯಲ್, ಆಪ್ಟಿಕಲ್ ಔಟ್‌ಪುಟ್ ಇವೆ. ಸ್ಲಾಟ್ ಆರಿಸಿಕೊಂಡರೆ ಚಿಕ್ಕ ಸಿಡಿ ಮತ್ತು ಕಾಗದದ ಲೇಬಲ್ ಅಂಟಿಸಿದ ಸಿಡಿ ಹಾಕಲೇಬೇಡಿ. ಬಿಸಿಗೆ ಲೇಬಲ್ ಬಿಟ್ಟುಕೊಂಡು ರೋಲರಿಗೆ ಸುತ್ತಿಕೊಂಡರೆ ಪೆಟ್ಟಿಗೆ ಬಿಚ್ಚುವುದೊಂದೇ ದಾರಿ.

ಸೆಕೆಂಡ್ ಹ್ಯಾಂಡ್ ಟ್ರಾನ್ಸ್‌ಪೋರ್ಟ್ ನೋಡಲು ಹೋಗುವಾಗ ಏನು ಒಯ್ಯಬೇಕು?

ಮೂರು ಸಿಡಿ ಒಯ್ಯಿರಿ: ಕಂಪನಿಯ ಹೊಸದೊಂದು, 70 ನಿಮಿಷ ದಾಟಿದ್ದು ಒಂದು, ಮನೆಯಲ್ಲಿ ಬರ್ನ್ ಮಾಡಿದ ಸಿಡಿ-ಆರ್ ಒಂದು. ಹಾಗೆಯೇ ಪುಟ್ಟ ಡ್ಯಾಕ್ ಮತ್ತು ಹೆಡ್‌ಫೋನ್.

ಯಂತ್ರ ತಣ್ಣಗಿರುವಾಗಲೇ ಶುರುಮಾಡಿ. ಹೊಸ ಸಿಡಿ ಹಾಕಿದ ಹತ್ತು ಸೆಕೆಂಡಿನೊಳಗೆ ಒಟ್ಟು ಟ್ರ್ಯಾಕ್ ಮತ್ತು ಸಮಯ ಕಾಣಬೇಕು. ಎರಡು ಮೂರು ಸಲ ತಿರುಗಿ ನಿಂತು ಮತ್ತೆ ಓದಿದರೆ ಲೇಸರ್ ಸೋತಿದೆ. ಆಮೇಲೆ ಉದ್ದದ ಸಿಡಿಯ ಕೊನೆಯ ಟ್ರ್ಯಾಕ್ ಹಾಕಿ. ಡೇಟಾ ಒಳಗಿನಿಂದ ಹೊರಗೆ ಹೋಗುವುದರಿಂದ ಅಂಚಿನಲ್ಲಿ ಮಾತ್ರ ತಡವರಿಸುವ ಯಂತ್ರಗಳಿರುತ್ತವೆ, ಮೊದಲ ಹಾಡಷ್ಟೇ ಕೇಳಿ ಬಂದವರು ಮೋಸ ಹೋಗುತ್ತಾರೆ. ಮೊದಲ ಟ್ರ್ಯಾಕಿಗೂ ಕೊನೆಯದಕ್ಕೂ ಹತ್ತು ಬಾರಿ ಹಾರಿಸಿ, ಲೇಸರ್ ಸರಿಯುವ ಹಳಿಯಲ್ಲಿ ಗ್ರೀಸ್ ಒಣಗಿದ್ದರೆ ಇಲ್ಲಿ ಗೊತ್ತಾಗುತ್ತದೆ. ಸಿಡಿ-ಆರ್ ಕೊನೆಗೆ. ಕಂಪನಿ ಸಿಡಿ ಓದಿ ಸಿಡಿ-ಆರ್ ಓದದಿದ್ದರೂ ಲೇಸರ್ ಶಕ್ತಿ ಕುಂದುತ್ತಿರುವ ಗುರುತಾಗಿರಬಹುದು. ಟ್ರೇಯನ್ನು ಐದಾರು ಸಲ ತೆಗೆದು ಮುಚ್ಚಿ. ಅರ್ಧಕ್ಕೆ ನಿಂತರೆ ಬೆಲ್ಟ್ ಜಾರುತ್ತಿದೆ, ಅದಕ್ಕಾಗಿ ಬೇಡವೆನ್ನಬೇಕಿಲ್ಲ, ಬೆಲೆ ಇಳಿಸಲು ಕೇಳಬಹುದು.

ವೀಣೆಯಲ್ಲಿ ನುಡಿಸಿದ ತಾನದ ಒಂದು ರೆಕಾರ್ಡಿಂಗ್ ಒಯ್ದರೆ ಇನ್ನೂ ಒಳ್ಳೆಯದು. ವೀಣೆಯ ಹಿಂದೆ ಒಂದೇ ಸಮನೆ ನುಡಿಯುವ ತಂಬೂರದ ಶ್ರುತಿಯಲ್ಲಿ ಒಂದು ಸಣ್ಣ ಟಿಕ್ ಬಂದರೂ ಕಿವಿ ಹಿಡಿಯುತ್ತದೆ. ಡ್ರಮ್ಸ್ ತುಂಬಿದ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ.

ಡ್ಯಾಕ್‌ನಲ್ಲಿ ಏನು ನೋಡಬೇಕು?

ಇನ್‌ಪುಟ್ ಮೊದಲು. ಕಂಪ್ಯೂಟರಿಗೆಂದು ಮಾಡಿದ ಎಷ್ಟೋ ಪುಟ್ಟ ಡ್ಯಾಕ್‌ಗಳಲ್ಲಿ ಯುಎಸ್‌ಬಿ ಒಂದೇ ಇರುತ್ತದೆ. ಬಹುತೇಕ ಸಿಡಿ ಟ್ರಾನ್ಸ್‌ಪೋರ್ಟ್‌ಗಳಿಗೆ ಅದು ಪ್ರಯೋಜನವಿಲ್ಲ. ಕೋಆಕ್ಸಿಯಲ್ ಇನ್‌ಪುಟ್ ಇರಲಿ, ಆಪ್ಟಿಕಲ್ ಕೂಡ ಇದ್ದರೆ ಟಿವಿಗೂ ಆದೀತು. ಸಾಕೆಟ್ ಹತ್ತಿರ ಇನ್ ಎಂದಿದೆಯೋ ಔಟ್ ಎಂದಿದೆಯೋ ಫೋಟೋದಲ್ಲಿ ದೊಡ್ಡದು ಮಾಡಿ ನೋಡಿ. ಯುಎಸ್‌ಬಿಯಿಂದ ಬಂದದ್ದನ್ನು ಕೋಆಕ್ಸಿಯಲ್‌ಗೆ ಕಳಿಸುವ ಮಾದರಿಗಳೂ ಇವೆ, ಸಾಕೆಟ್ ನೋಡಲು ಒಂದೇ ಥರ.

ಎರಡನೆಯದು ಔಟ್‌ಪುಟ್ ಮಟ್ಟ. ಸಾಮಾನ್ಯವಾಗಿ ಆರ್‌ಸಿಎ (ಮಾಮೂಲಿ ಕೆಂಪು-ಬಿಳಿ) ಸಾಕೆಟ್‌ನಲ್ಲಿ 2 ವೋಲ್ಟ್, ಮೂರು ಪಿನ್‌ನ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಸಾಕೆಟ್‌ನಲ್ಲಿ 4 ವೋಲ್ಟ್. ಹಳೆಯ ಆಂಪ್‌ಗಳನ್ನು 150-200 ಮಿಲಿವೋಲ್ಟಿಗೆ ಪೂರ್ತಿ ಸದ್ದು ಬರುವಂತೆ ಮಾಡಿರುತ್ತಾರೆ, 0.5 ವೋಲ್ಟಿನ ಕ್ಯಾಸೆಟ್ ಡೆಕ್‌ಗೆ ಅದು ಸರಿಹೊಂದುತ್ತಿತ್ತು. 2 ವೋಲ್ಟ್ ಆ 0.5 ವೋಲ್ಟಿಗಿಂತ 12 ಡೆಸಿಬಲ್ ಜಾಸ್ತಿ. ವಾಲ್ಯೂಮ್ ಗುಬುಟನ್ನು ಚೂರು ತಿರುಗಿಸಿದರೆ ಸಾಕು ಮನೆ ಅದುರುತ್ತದೆ, ಅಷ್ಟು ಕಡಿಮೆಯಲ್ಲಿ ಎಡ-ಬಲ ಸಮನಾಗಿಯೂ ಇರುವುದಿಲ್ಲ. ಆಂಪ್‌ನ ಇನ್‌ಪುಟ್‌ನಲ್ಲಿ ಸಿಕ್ಕಿಸುವ 10 ಅಥವಾ 12 ಡೆಸಿಬಲ್‌ನ ಆರ್‌ಸಿಎ ಅಟೆನ್ಯುಯೇಟರ್ (ಮಟ್ಟ ಇಳಿಸುವ ಪ್ಲಗ್) ಒಂದು ಜೊತೆ ತಂದರೆ ಈ ತೊಂದರೆ ಮುಗಿಯಿತು.

ಡ್ಯಾಕ್‌ನಲ್ಲೂ ವಾಲ್ಯೂಮ್ ಇದ್ದು ಆಂಪ್‌ನಲ್ಲೂ ಇದ್ದರೆ ಡ್ಯಾಕ್‌ನದನ್ನು ಲೈನ್ ಔಟ್ ಅಥವಾ ಫಿಕ್ಸೆಡ್‌ಗೆ ಇಟ್ಟು ಆಂಪ್‌ನಲ್ಲಿ ಮಾತ್ರ ಹೊಂದಿಸಿ. ವಾಲ್ಯೂಮ್ ಇಲ್ಲದ ಪವರ್ ಆಂಪ್‌ಗೆ ನೇರ ಜೋಡಿಸುವವರು ಇದಕ್ಕೆ ತದ್ವಿರುದ್ಧ ಮಾಡಬೇಕು. ಡ್ಯಾಕ್ ವಾಲ್ಯೂಮ್ ತೀರಾ ಕೆಳಗಿಟ್ಟೇ ಆನ್ ಮಾಡಬೇಕು, ಫಿಕ್ಸೆಡ್‌ನಲ್ಲಿದ್ದರೆ ಸ್ಪೀಕರ್ ಹೋದಂತೆಯೇ.

ಚಿಪ್ ಯಾವುದು, 384 ಕಿಲೋಹರ್ಟ್ಸ್ ಬರುತ್ತದೆಯೇ ಎಂಬುದಕ್ಕೆ ಸಿಡಿ ಕೇಳುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಡಿಗೆ ಬೇಕಾದದ್ದು 16 ಬಿಟ್, 44.1. ಇಎಸ್‌ಎಸ್, ಎಕೆಎಂ, ಬರ್-ಬ್ರೌನ್ ಕಂಪನಿಯ ಚಿಪ್ ಆಗಲಿ, ರೆಸಿಸ್ಟರ್ ಸಾಲಿನ ಆರ್2ಆರ್ ಬಗೆಯದಾಗಲಿ, ಸದ್ದು ಅದರ ಸುತ್ತಲಿನ ಪವರ್ ಸಪ್ಲೈ ಮತ್ತು ಅನಲಾಗ್ ಹಂತ ಹೇಗಿದೆ ಎಂಬುದರ ಮೇಲೆ ಹೆಚ್ಚು ನಿಂತಿದೆ.

1980ರ ದಶಕದ ಕೆಲವು ಸಿಡಿಗಳು ಹೊಸ ಡ್ಯಾಕ್‌ನಲ್ಲಿ ಚುಚ್ಚುವಂತೆ ಕೇಳುತ್ತವೆ. ಯಾಕೆ?

ಪ್ರೀ-ಎಂಫಸಿಸ್ ಇರಬಹುದು. ಆ ಕಾಲದ ಕೆಲವು ಸಿಡಿಗಳಲ್ಲಿ, ಮುಖ್ಯವಾಗಿ ಜಪಾನಿನಲ್ಲಿ ಅಚ್ಚಾದವು ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವುಗಳಲ್ಲಿ, ರೆಕಾರ್ಡ್ ಮಾಡುವಾಗಲೇ ಎತ್ತರದ ಸ್ವರಗಳನ್ನು ಏರಿಸಿ, ಕೇಳಿಸುವಾಗ ಅಷ್ಟೇ ಇಳಿಸಬೇಕೆಂದು ಗುರುತು ಹಾಕಿರುತ್ತಾರೆ. 20 ಕಿಲೋಹರ್ಟ್ಸ್‌ನಲ್ಲಿ ಈ ಏರಿಕೆ ಸುಮಾರು 9.5 ಡೆಸಿಬಲ್. ಆ ಕಾಲದ ಸಿಡಿ ಪ್ಲೇಯರ್‌ಗಳು ಗುರುತು ನೋಡಿ ತಾವಾಗಿಯೇ ಇಳಿಸುತ್ತಿದ್ದವು. ಪ್ಲೇಯರ್ ಎರಡು ಪೆಟ್ಟಿಗೆಯಾದಾಗ ಗುರುತು ಕೇಬಲ್ ಮೂಲಕ ಡ್ಯಾಕ್‌ಗೆ ತಲುಪಬೇಕು, ಡ್ಯಾಕ್ ಅದನ್ನು ಗಮನಿಸಬೇಕು. ಈಗಿನ ಹಲವು ಡ್ಯಾಕ್‌ಗಳು ಗಮನಿಸುವುದಿಲ್ಲ. ಆರ್‌ಎಂಇ ಎಡಿಐ-2 ಡ್ಯಾಕ್‌ನಂಥವುಗಳಲ್ಲಿ ಡಿ-ಎಂಫಸಿಸ್ ಆಟೋ ಎಂಬ ಆಯ್ಕೆ ಇದೆ. ನಿಮ್ಮಲ್ಲಿ ಅಂಥ ಸಿಡಿಗಳು ಬಹಳ ಇದ್ದರೆ ಕೊಳ್ಳುವ ಮೊದಲು ಮ್ಯಾನ್ಯುಯಲ್‌ನಲ್ಲಿ ಆ ಪದ ಹುಡುಕಿ. ಕನ್ನಡ ಚಿತ್ರಗೀತೆ, ಭಾವಗೀತೆ ಕೇಳುವವರಿಗೆ ಈ ಚಿಂತೆ ಹೆಚ್ಚೂಕಡಿಮೆ ಬೇಕಿಲ್ಲ.

ಕೋಆಕ್ಸಿಯಲ್ ಕೇಬಲ್ಲೋ ಆಪ್ಟಿಕಲ್ಲೋ? ದುಬಾರಿಯದು ಬೇಕೇ?

44.1ಕ್ಕೆ ಎರಡೂ ಸಾಕು. ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಹಳೆಯ ಡಿವಿಡಿ ಪ್ಲೇಯರ್ ಜೊತೆ ಬಂದ ಹಳದಿ ವಿಡಿಯೋ ಕೇಬಲ್ ಆ ಲೆಕ್ಕಕ್ಕೇ ಮಾಡಿದ್ದು, ಧಾರಾಳವಾಗಿ ಬಳಸಿ. ಕೆಂಪು-ಬಿಳಿ ಆಡಿಯೋ ಕೇಬಲ್‌ನಲ್ಲೂ ಒಂದು ಮೀಟರಿನಲ್ಲಿ ಹಾಡು ಬಂದೀತು, ಉದ್ದ ಹೆಚ್ಚಿದರೆ ಡ್ಯಾಕ್ ಲಾಕ್ ತಪ್ಪಬಹುದು, ಅಂದರೆ ಸಿಗ್ನಲ್‌ನ ಲಯ ಕೈಬಿಡಬಹುದು. ಐ2ಎಸ್ (ಇನ್ನೊಂದು ಬಗೆಯ ಡಿಜಿಟಲ್ ಜೋಡಣೆ) ಎಂದು ಎಚ್‌ಡಿಎಂಐ ಸಾಕೆಟ್ ಇರುವವುಗಳಲ್ಲಿ ಪಿನ್ ಜೋಡಣೆಗೆ ಒಂದೇ ನಿಯಮವಿಲ್ಲ. ಎರಡೂ ಪೆಟ್ಟಿಗೆಗಳ ಪಿನ್ ಪಟ್ಟಿ ತಾಳೆಯಾದರೆ ಮಾತ್ರ ಜೋಡಿಸಿ.

ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಆದ್ದರಿಂದ ಒಂದು ಪೆಟ್ಟಿಗೆಯ ಹಮ್ (ಗುಂಯ್ ಸದ್ದು) ಇನ್ನೊಂದಕ್ಕೆ ದಾಟುವುದಿಲ್ಲ. ಚೂಪಾಗಿ ಮಡಚಬೇಡಿ, ಗೋಡೆಗೆ ಒತ್ತಿ ಕಪಾಟು ತಳ್ಳಿದಾಗಲೇ ಅದು ಒಳಗೆ ಮುರಿಯುವುದು.

ಜೋಡಿಸಿದ್ದಾಯಿತು, ಸದ್ದೇ ಇಲ್ಲ.

ಆಪ್ಟಿಕಲ್ ಆದರೆ ಕೇಬಲ್ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ತೆಗೆದಿರಾ ನೋಡಿ, ಎಲ್ಲಕ್ಕಿಂತ ಸಾಮಾನ್ಯ ತಪ್ಪು ಅದೇ. ಡ್ಯಾಕ್ ಕಡೆಯ ತುದಿ ಬಿಚ್ಚಿ ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಕಾಣಬೇಕು. ಕಂಡರೆ ಟ್ರಾನ್ಸ್‌ಪೋರ್ಟ್ ಮತ್ತು ಕೇಬಲ್ ಸರಿ, ಡ್ಯಾಕ್‌ನಲ್ಲಿ ಇನ್‌ಪುಟ್ ಬದಲಿಸಿರಲಿಕ್ಕಿಲ್ಲ. ಕೋಆಕ್ಸಿಯಲ್ ಆದರೆ ಆಂಪ್‌ನ ಕಡೆಗಿನ ಅನಲಾಗ್ ಸಾಕೆಟ್‌ಗೆ ತಪ್ಪಾಗಿ ಹಾಕಿದ್ದೀರಾ ನೋಡಿ.

ಹಾಡು ಬರುತ್ತ ಬರುತ್ತ ಅರೆಕ್ಷಣ ನಿಂತು ಮತ್ತೆ ಬಂದರೆ ಡಿಸ್‌ಪ್ಲೇ ಗಮನಿಸಿ. 44.1 ಮಾಯವಾಗಿ ಮತ್ತೆ ಬಂದರೆ ಕೇಬಲ್ ಅಥವಾ ಸಾಕೆಟ್ ಸಡಿಲ. ಅಂಕಿ ಅಲುಗದೆ ಸದ್ದು ಮಾತ್ರ ನಿಂತರೆ ಸಿಡಿ ಅಥವಾ ಲೇಸರ್.

ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತದೆ.

ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಕೊಡಿ. ಹೋಗದಿದ್ದರೆ ಸೆಟ್ ಟಾಪ್ ಬಾಕ್ಸ್‌ನ ಕೇಬಲ್ ವೈರ್ ಬಿಚ್ಚಿ ನೋಡಿ, ಅದರಿಂದ ಬರುವ ಅರ್ಥ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸೇರುವುದು) ಮನೆಗಳಲ್ಲಿ ಬಹಳ ಸಾಮಾನ್ಯ. ಟ್ರಾನ್ಸ್‌ಪೋರ್ಟ್ ಬಿಚ್ಚಿದಾಗ ಹೋದರೆ ಕೋಆಕ್ಸಿಯಲ್ ತೆಗೆದು ಆಪ್ಟಿಕಲ್ ಹಾಕಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಗುಂಯ್ ಎಂದರೆ ಯುಪಿಎಸ್ ಸ್ಕ್ವೇರ್ ವೇವ್ ಬಗೆಯದು. ಟ್ರಾನ್ಸ್‌ಫಾರ್ಮರ್‌ಗಳೂ ಕೂಗುತ್ತವೆ, ಸೈನ್ ವೇವ್ ಯುಪಿಎಸ್ಸೇ ಬೇಕು. ಏನೇ ಆದರೂ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಬೇಡಿ. ಒಳಗೆ ಇನ್ಸುಲೇಷನ್ ಹೋದ ದಿನ ಲೋಹದ ಪೆಟ್ಟಿಗೆ ಮುಟ್ಟಿದವರ ಜೀವ ಉಳಿಸುವುದು ಆ ಪಿನ್.

ನೂರೈವತ್ತು ಹಾಡಿನ ಎಂಪಿ3 ಸಿಡಿಗಳು ರಾಶಿ ಇವೆ. ಅವೂ ಬರುತ್ತವೆಯೇ?

ಸಿಡಿ ಹಾಡಿಸಲಷ್ಟೇ ಮಾಡಿದ ಹಲವು ಟ್ರಾನ್ಸ್‌ಪೋರ್ಟ್‌ಗಳಲ್ಲಿ ಬರುವುದಿಲ್ಲ. ಅದು ಹಾಡಿನ ಸಿಡಿಯಲ್ಲ, ಫೈಲ್ ತುಂಬಿದ ಸಿಡಿ. ಮನೆಯ ಸಂಗ್ರಹದಲ್ಲಿ ಅಂಥವೇ ಹೆಚ್ಚಿದ್ದರೆ ಹಳೆಯ ಡಿವಿಡಿ ಪ್ಲೇಯರ್ ಇಟ್ಟುಕೊಳ್ಳಿ, ಅಥವಾ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ. ವಿಸಿಡಿಯೂ ಹಾಗೆಯೇ. ಹೈಬ್ರಿಡ್ ಎಸ್‌ಎಸಿಡಿ (ಸೂಪರ್ ಆಡಿಯೋ ಸಿಡಿಯ ಪದರದ ಜೊತೆ ಮಾಮೂಲಿ ಸಿಡಿ ಪದರವೂ ಇರುವುದು) ಹಾಕಿದರೆ ಅದರ ಸಿಡಿ ಪದರ ಮಾತ್ರ ಬರುತ್ತದೆ, ಹೈಬ್ರಿಡ್ ಅಲ್ಲದ್ದು ಬರುವುದೇ ಇಲ್ಲ.

ಜಪಾನ್ ಅಥವಾ ಅಮೆರಿಕದಿಂದ ತಂದ ಟ್ರಾನ್ಸ್‌ಪೋರ್ಟ್ ಇಲ್ಲಿ ಹಾಕಬಹುದೇ?

ಹಿಂಬದಿಯ ಪಟ್ಟಿ ಓದದೆ ಪ್ಲಗ್ ಹಾಕಬೇಡಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಟ್ರಾನ್ಸ್‌ಪೋರ್ಟ್ ಎಳೆಯುವುದು ಸಾಮಾನ್ಯವಾಗಿ 10ರಿಂದ 25 ವ್ಯಾಟ್, ಆದ್ದರಿಂದ 100 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಧಾರಾಳ. ಆದರೆ 100 ವೋಲ್ಟಿನದಕ್ಕೆ 110ರದು ತರಬೇಡಿ, 100ರದೇ ತನ್ನಿ. 60 ಹರ್ಟ್ಸ್ ಎಂದು ಮಾತ್ರ ಬರೆದದ್ದು ನಮ್ಮ 50ರಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಮೇಲೆ ಗಾಳಿಗೆ ಜಾಗ ಬಿಡಿ. ಹಾಡಿನ ವೇಗ ಬದಲಾಗುವುದಿಲ್ಲ, ಅದನ್ನು ಕ್ವಾರ್ಟ್ಜ್ ನಿರ್ಧರಿಸುತ್ತದೆ. ಡ್ಯಾಕ್‌ನ ಅಡಾಪ್ಟರ್ ಬದಲಿಸುವಾಗ ವೋಲ್ಟ್ ಜೊತೆಗೆ ಎಸಿಯೋ ಡಿಸಿಯೋ, ಡಿಸಿ ಆದರೆ ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂದು ನೋಡಿ. ಎಸಿ ಅಡಾಪ್ಟರ್ ಬೇಡುವ ಡ್ಯಾಕ್‌ಗಳೂ ಇವೆ.

ಲೆನ್ಸ್ ಹೇಗೆ ಒರೆಸುವುದು? ಕರಾವಳಿಯ ತೇವಕ್ಕೆ ಏನು ಮಾಡುವುದು?

ಪ್ಲಗ್ ಕಿತ್ತ ಮೇಲೆ ಮುಚ್ಚಳ ತೆಗೆಯಿರಿ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ, ಹಿಂಡಿ, ಲೆನ್ಸ್ ಮೇಲೆ ಭಾರ ಬೀಳದಂತೆ ಒಂದು ಸುತ್ತು ಆಡಿಸಿ, ಒಣ ಕಡ್ಡಿಯಿಂದ ಇನ್ನೊಂದು ಸುತ್ತು. ಲೆನ್ಸ್ ತೂಗುತ್ತಿರುವುದು ಕೂದಲೆಳೆಯಂಥ ಆಧಾರದ ಮೇಲೆ, ಒತ್ತಿದರೆ ವಾರೆಯಾಗುತ್ತದೆ. ಸ್ಯಾನಿಟೈಜರ್ ಬೇಡ, ಅದರ ಅಂಟು ಉಳಿಯುತ್ತದೆ. ಯಂತ್ರ ಓಡುವಾಗ ಲೇಸರ್ ಒಳಗೆ ಇಣುಕಬೇಡಿ. ಅದು ಕಣ್ಣಿಗೆ ಮಂದವಾಗಿ ಕಂಡರೂ ರೆಟಿನಾಕ್ಕೆ ಅಪಾಯ.

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರತಂದ ಯಂತ್ರದ ಲೆನ್ಸ್ ಮೇಲೆ ಮಂಜು ಕೂರುತ್ತದೆ, ಡಿಸ್ಕ್ ಇಲ್ಲ ಎಂದು ತೋರಿಸುತ್ತದೆ. ಒಂದೆರಡು ಗಂಟೆ ಹಾಗೆಯೇ ಬಿಡಿ. ವಾರಕ್ಕೆರಡು ಸಲವಾದರೂ ಒಂದು ಪೂರ್ತಿ ಸಿಡಿ ಹಾಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ, ಬೂಷ್ಟು ಹಿಡಿಯುವುದೂ ಕಡಿಮೆ.

ಸಿಡಿ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆ ಎಳೆದಂತೆ ಒರೆಸಿ. ಸುತ್ತಲೂ ಒರೆಸಿದರೆ ಬೀಳುವ ಗೀಚು ಸುತ್ತಿನ ಉದ್ದಕ್ಕೇ ಬಿದ್ದು ಆ 2.5 ಮಿಲಿಮೀಟರ್ ಮಿತಿ ದಾಟುತ್ತದೆ. ಬರಹ ಇರುವ ಬದಿಯನ್ನು ಇನ್ನೂ ಜೋಪಾನ ಮಾಡಿ. ಹೊಳೆಯುವ ಲೋಹದ ಪದರ ಇರುವುದು ಆ ಬದಿಯ ತೆಳು ಲೇಪದ ಕೆಳಗೇ. ಕೆಳಬದಿಯ ಗೀಚನ್ನು ಪಾಲಿಶ್ ಮಾಡಬಹುದು, ಮೇಲ್ಬದಿಯಲ್ಲಿ ಪದರ ಕಿತ್ತುಹೋದರೆ ಯಾವ ಟ್ರಾನ್ಸ್‌ಪೋರ್ಟೂ ಓದದು.